ಬೆಂಗಳೂರಿನ ‘ಧ್ರುವ’ ಕಟ್ಟಿದ ಆಟಗಳು

ಟಿ.ವಿ.ಗೆ ಜೋಡಿಸಿ ಆಡುವ ಕ್ಯಾಸೆಟ್ ಆಟದ ಪೆಟ್ಟಿಗೆ 1990ರ ದಶಕದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕೆಲವು ಮನೆಗಳಿಗೂ ಬಂದಿತ್ತು. ಮೀಸೆಯ ಮಾರಿಯೋನನ್ನು ಜಿಗಿಸುತ್ತಿದ್ದ ಹುಡುಗರಿಗೆ ಅವನು ಜಪಾನಿನ ನಿಂಟೆಂಡೊ ಕಂಪನಿಯ ಕೂಸೆಂಬುದು ಬೇಕಿರಲಿಲ್ಲ. ಆಟ ಮಾಡುವವರು ಅವರು, ಆಡುವವರು ನಾವು ಎಂಬಂತಿದ್ದ ಆ ಕಾಲದಲ್ಲೇ ಬೆಂಗಳೂರಿನ ಪುಟ್ಟ ಕಂಪನಿಯೊಂದು ಆಟ ತಯಾರಿಸಲು ಕೈಹಾಕಿತು.

ರಾಜೇಶ್ ರಾವ್ 1997ರಲ್ಲಿ ಸ್ಥಾಪಿಸಿದ ‘ಧ್ರುವ ಇಂಟರ್‌ಆ್ಯಕ್ಟಿವ್’ ದೇಶದ ಮೊದಮೊದಲ ವಿಡಿಯೊ ಗೇಮ್ ಕಂಪನಿಗಳಲ್ಲಿ ಒಂದು. ಆದರೆ ಕೊಳ್ಳುವವರು ಯಾರು? ಮನೆಯಲ್ಲಿ ಕಂಪ್ಯೂಟರ್ ಇದ್ದವರೇ ವಿರಳ. ಇದ್ದವರಿಗೆ ನಕಲಿ ಸಿ.ಡಿ. ಅಗ್ಗಕ್ಕೆ ಸಿಗುತ್ತಿತ್ತು. ಹೀಗಾಗಿ ‘ಧ್ರುವ’ ಹೊರದೇಶದತ್ತ ನೋಡಿತು. ಫ್ರಾನ್ಸಿನ ಇನ್ಫೊಗ್ರಾಮ್ಸ್ ಕಂಪನಿ ‘ಮಿಷನ್: ಇಂಪಾಸಿಬಲ್’ ಆಟದ ಕಂಪ್ಯೂಟರ್ ಆವೃತ್ತಿಯ ಕೆಲಸ ಕೊಟ್ಟಿತು. ಮುಂದೆ ಮೈಕ್ರೊಸಾಫ್ಟ್‌ನ ‘ಫೋರ್ಜಾ’ ಮೋಟಾರು ಪಂದ್ಯದ ಆಟಗಳಿಗೂ ಇಲ್ಲಿನ ಕಲಾವಿದರು ದುಡಿದರು.

ಆಟದೊಳಗಿನ ಕಾರು ಬರೀ ಚಿತ್ರವಲ್ಲ. ಸಾವಿರಾರು ಸಣ್ಣ ತ್ರಿಕೋನಗಳನ್ನು ಹೊಲಿದು ಅದರ ಮೈ ಕಟ್ಟಿ, ಮೇಲೆ ಬಣ್ಣ, ಹೊಳಪು, ಗೀರು ಹೊದಿಸಬೇಕು. ತ್ರಿಕೋನ ಹೆಚ್ಚಾದರೆ ಯಂತ್ರ ಮುಗ್ಗರಿಸುತ್ತದೆ, ಕಡಿಮೆಯಾದರೆ ಕಾರು ಡಬ್ಬಿಯಾಗುತ್ತದೆ. ಎಲ್ಲಿ ಉಳಿಸಬೇಕು, ಎಲ್ಲಿ ಕತ್ತರಿಸಬೇಕೆಂಬ ಕಣ್ಣಳತೆಯೇ ಈ ಕಸುಬು. ಆದರೆ ಇಂಡಿಯ ಲಿಂಬೆ ದೂರದ ಪೇಟೆಯಲ್ಲಿ ಉಪ್ಪಿನಕಾಯಿಯಾದ ಮೇಲೆ ಭರಣಿಯ ಮೇಲೆ ಇಂಡಿಯ ಹೆಸರೆಲ್ಲಿರುತ್ತದೆ? ‘ಧ್ರುವ’ದ ಪಾಡೂ ಹೆಚ್ಚುಕಡಿಮೆ ಅದೇ.

ಟೋಕಿಯೊದಲ್ಲಿ 1980ರಲ್ಲಿ ಹುಟ್ಟಿದ ಹಾಲ್ ಲ್ಯಾಬೊರೇಟರಿಯೂ ನಿಂಟೆಂಡೊದ ಕೆಲಸ ಮಾಡಿಕೊಡುತ್ತಿದ್ದ ಸಣ್ಣ ಕಂಪನಿ. 1992ರ ಹೊತ್ತಿಗೆ ಅದು ಸಾಲದಲ್ಲಿ ಮುಳುಗಿತ್ತು. ಸತೋರು ಇವಾಟ ಮುಖ್ಯಸ್ಥರಾಗಬೇಕೆಂಬ ಷರತ್ತಿನ ಮೇಲೆ ನಿಂಟೆಂಡೊ ನೆರವಿಗೆ ಬಂತು. ಆದರೆ ಆ ವರ್ಷವೇ ಹಾಲ್ ‘ಕರ್ಬಿ’ ಎಂಬ ಗುಂಡನೆಯ ಪಾತ್ರವನ್ನೂ ಹೊರತಂದಿತ್ತು. ಜಗತ್ತಿನ ಮಕ್ಕಳು ಗುರುತಿಸುವ ಸ್ವಂತ ಪಾತ್ರವೊಂದಿತ್ತು, ಕಂಪನಿ ಇಂದಿಗೂ ಇದೆ. ಇವಾಟ 2002ರಲ್ಲಿ ನಿಂಟೆಂಡೊ ಅಧ್ಯಕ್ಷರೇ ಆದರು.

‘ಧ್ರುವ’ಕ್ಕೆ ಅಂಥ ‘ಕರ್ಬಿ’ ದಕ್ಕಲಿಲ್ಲ. ಪ್ರಯತ್ನಿಸಲಿಲ್ಲವೆಂದಲ್ಲ, ಚಾರ್ಲಿ ಚಾಪ್ಲಿನ್‌ನನ್ನು ಮೊಬೈಲ್ ಆಟಗಳಲ್ಲಿ ಬಳಸುವ ಹಕ್ಕನ್ನೇ ಅದು ಕೊಂಡಿತ್ತು. ಆದರೆ ಆಗ ಮೊಬೈಲ್ ಆಟದ ಹಣದ ದೊಡ್ಡ ಪಾಲು ದೂರವಾಣಿ ಸೇವೆಯ ಕಂಪನಿಗಳಿಗೇ ಹೋಗುತ್ತಿತ್ತು. ಸಂಬಳ ಕೊಡುತ್ತಿದ್ದುದು ಗುತ್ತಿಗೆ ಕೆಲಸ. ಅದನ್ನು ಕೀಳೆನ್ನುವಂತಿಲ್ಲ, ಮುನ್ನೂರಕ್ಕೂ ಹೆಚ್ಚು ಜನರಿಗೆ ಅದು ಅನ್ನವಾಗಿತ್ತು.

2016ರ ಡಿಸೆಂಬರ್‌ನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ‘ಧ್ರುವ’ವನ್ನು ಕೊಳ್ಳುವುದಾಗಿ ಘೋಷಿಸಿತು. ಎರಡು ವರ್ಷದಲ್ಲಿ ಆ ಕಂಪನಿಯೇ ಹಣದ ಮುಗ್ಗಟ್ಟಿಗೆ ಸಿಲುಕಿ, 2019ರ ಮೇ ತಿಂಗಳಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಖ್ಯಾತಿಯ ರಾಕ್‌ಸ್ಟಾರ್‌ಗೆ ಸುಮಾರು 79 ಲಕ್ಷ ಡಾಲರ್‌ಗೆ ಮಾರಿತು. ಕಲಾವಿದರು ಬೆಂಗಳೂರಿನ ‘ರಾಕ್‌ಸ್ಟಾರ್ ಇಂಡಿಯಾ’ ಬಳಗ ಸೇರಿದರು. ‘ಧ್ರುವ’ ಎಂಬ ಹೆಸರು ಮಾತ್ರ ಫಲಕದಿಂದ ಇಳಿಯಿತು.