ಕೋರ್ಟಿನಿಂದ ದೂರ: ಬೆಂಗಳೂರಿನ ಹೊರವಲಯದಲ್ಲಿ ವಕೀಲಿ ವೃತ್ತಿಯ ಆರ್ಥಿಕ ಚರಿತ್ರೆ

ನಮ್ಮಲ್ಲಿ ನ್ಯಾಯಾಡಳಿತದ ಚರಿತ್ರೆಯೆಂದರೆ ಸಾಮಾನ್ಯವಾಗಿ ನ್ಯಾಯಾಧೀಶರ ಮತ್ತು ಕಾಯಿದೆಗಳ ಚರಿತ್ರೆಯೇ ಆಗಿರುವುದು. ವಕೀಲನ ಸಂಪಾದನೆಯು ಯಾವ ಮೂಲದಿಂದ ಹುಟ್ಟಿತು, ಅದು ಯಾರಲ್ಲಿ ಹಂಚಿಹೋಯಿತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಕೋರ್ಟು ಇದ್ದಲ್ಲಿ ವಕೀಲನು ಎಂಬುದು ಬಹುಕಾಲ ನಿಜವಾಗಿದ್ದಿತು. ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಎಂಬ ಮೂರು ಪ್ರದೇಶಗಳಲ್ಲಿ ಈ ನಂಟು ಮೂರು ವಿಧವಾಗಿ ಸಡಿಲಿತೆಂದೂ, ಹಾಗೆ ಸಡಿಲಲು ಯಾರೊಬ್ಬರ ಸುಧಾರಣಾಬುದ್ಧಿಗಿಂತ ಕಾಯಿದೆಗಳ ನಿಷೇಧಗಳೇ ಹೆಚ್ಚಿನ ಕಾರಣವೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಹಳೆಯ ವ್ಯವಸ್ಥೆಯನ್ನು ಮೊದಲು ನೋಡಬೇಕು. ೧೮೮೪ರಲ್ಲಿ ಸ್ಥಾಪಿತವಾದ ಮೈಸೂರು ಚೀಫ್ ಕೋರ್ಟು ೧೯೩೦ರಲ್ಲಿ ಹೈಕೋರ್ಟೆನಿಸಿತು. ೧೮೬೮ರಲ್ಲಿ ಮುಗಿದ ಅಠಾರಾ ಕಚೇರಿಯ ಕಟ್ಟಡದಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಈಗಲೂ ನಡೆಯುತ್ತಿದೆ. ವಕೀಲನ ಮನೆಯ ಮುಂಗೋಣೆಯೇ ಅವನ ಕಚೇರಿ; ಒಬ್ಬ ಗುಮಾಸ್ತ, ಸಂಬಳವಿಲ್ಲದೆ ಕೆಲಸ ಕಲಿಯುವ ಒಬ್ಬಿಬ್ಬರು ಕಿರಿಯರು, ಗೋಡೆಯುದ್ದಕ್ಕೂ ತೀರ್ಪುಗಳ ಸಂಪುಟಗಳು. ಬರುವವನಿಗೆ ‘ಕಕ್ಷಿಗಾರ’ನೆಂದು ಹೆಸರು. ಈ ಶಬ್ದದ ಮೇಲೆ ವಾಚಕರು ಕ್ಷಣಕಾಲ ಗಮನವಿಡಬೇಕೆಂದು ಪ್ರಾರ್ಥನೆ. ಕಕ್ಷಿಯೆಂದರೆ ಪಕ್ಷ, ಪ್ರತಿಪಕ್ಷವಿಲ್ಲದೆ ಪಕ್ಷವಿಲ್ಲ. ವ್ಯಾಜ್ಯವಿದ್ದರೆ ಮಾತ್ರ ವಕೀಲನಿಗೆ ಆದಾಯವೆಂಬ ಅರ್ಥಶಾಸ್ತ್ರವೆಲ್ಲ ಆ ಒಂದು ಪದದಲ್ಲಿ ಅಡಗಿದೆ.

ಸ್ವಾತಂತ್ರ್ಯಾನಂತರ ೧೯೬೧ರ ಅಡ್ವೊಕೇಟರ ಕಾಯಿದೆಯೂ ಅದನ್ನನುಸರಿಸಿದ ವಕೀಲರ ಪರಿಷತ್ತಿನ ನಿಯಮಗಳೂ ಈ ಮುಂಗೋಣೆಯ ಪದ್ಧತಿಗೆ ಬೇಲಿ ಕಟ್ಟಿದುವು. ವಕೀಲನು ಜಾಹೀರಾತು ಮಾಡಕೂಡದು. ಗೆದ್ದ ಹಣದಲ್ಲಿ ಪಾಲು ಕೇಳಕೂಡದು. ಇದಲ್ಲದೆ ೧೯೫೬ರ ಕಂಪೆನಿ ಕಾಯಿದೆಯಂತೆ ಪಾಲುಗಾರಿಕೆಯಲ್ಲಿ ಇಪ್ಪತ್ತು ಜನರಿಗಿಂತ ಹೆಚ್ಚಾಗಿ ಸೇರುವಂತಿರಲಿಲ್ಲ. ವೃತ್ತಿಯ ಗೌರವವನ್ನು ಕಾಯಲು ಜಾಹೀರಾತು ಮತ್ತು ಫೀಜಿನ ನಿಯಮಗಳು ಬೇಕಾಗಿದ್ದುವೆಂಬುದು ನಿಜ. ಆದರೆ ಬೇಲಿಯ ಹೊರಗೆ ಬೆಳೆದ ಪೈರು ಬೇರೆಯವರ ಪಾಲಾಯಿತು.

ಪೀಣ್ಯದಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು. ೧೯೭೦ರ ದಶಕದಿಂದ ಅಲ್ಲಿ ಬೆಳೆದ ಸಣ್ಣ ಕಾರ್ಖಾನೆಗಳ ಒಡೆಯರಲ್ಲಿ ಅನೇಕರು ತಾವೇ ಯಂತ್ರದ ಮುಂದೆ ನಿಂತು ದುಡಿದವರು. ಅವರಿಗೆ ಮೇಲಿಂದ ಮೇಲೆ ಎದುರಾಗುತ್ತಿದ್ದ ಕಾಯಿದೆಯೆಂದರೆ ಕಾರ್ಮಿಕರದು. ಆದರೆ ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯ ೩೬ನೆಯ ಪ್ರಕರಣವು ಸಂಧಾನದ ಹಂತದಲ್ಲಿ ವಕೀಲನನ್ನು ಪೂರ್ತಿಯಾಗಿ ಹೊರಗಿಟ್ಟಿತ್ತು. ಕಾರ್ಮಿಕ ನ್ಯಾಯಾಲಯದಲ್ಲಿಯೂ ಎದುರುಪಕ್ಷದ ಒಪ್ಪಿಗೆ, ನ್ಯಾಯಾಲಯದ ಅನುಮತಿ ಎರಡೂ ಬೇಕಿದ್ದುವು. ಬಡ ಕೆಲಸಗಾರನ ಎದುರಿಗೆ ಧನಿಕನ ವಕೀಲನು ನಿಲ್ಲಬಾರದೆಂಬುದೇ ಇದರ ಆಶಯ. ವಕೀಲನಾಗಿಯೂ ಮಾಲೀಕರ ಸಂಘದ ಪದಾಧಿಕಾರಿಯಾಗಿರುವವನು ಆ ಪದವಿಯ ಬಲದಿಂದ ಹಾಜರಾಗಬಹುದೆಂದು ಪಾರಾದೀಪ ಬಂದರಿನ ಮೊಕದ್ದಮೆಯಲ್ಲಿ ೧೯೭೬ರಲ್ಲಿ ಸುಪ್ರೀಂ ಕೋರ್ಟು ಹೇಳಿತು. (ವಕೀಲಿ ಮಾಡುವ ಹಕ್ಕನ್ನು ಘೋಷಿಸುವ ಅಡ್ವೊಕೇಟರ ಕಾಯಿದೆಯ ೩೦ನೆಯ ಪ್ರಕರಣವು ಜಾರಿಗೆ ಬಂದುದು ಐವತ್ತು ವರ್ಷ ಕಳೆದು, ೨೦೧೧ರಲ್ಲಿ!) ಹೀಗೆ ತೆರವಾದ ಸ್ಥಾನವನ್ನು ಕಾರ್ಮಿಕ ಕಾನೂನು ಸಲಹೆಗಾರನು ಆಕ್ರಮಿಸಿದನು. ಹಾಜರಿ ಪುಸ್ತಕ, ಭವಿಷ್ಯನಿಧಿ, ಕಾರ್ಮಿಕರ ವಿಮೆ ಇವುಗಳ ಲೆಕ್ಕವನ್ನು ಸರಿಯಾಗಿಟ್ಟು, ಇನ್‌ಸ್ಪೆಕ್ಟರು ಬಂದಾಗ ಉತ್ತರ ಹೇಳಿ, ತಿಂಗಳಿಗೆ ಗೊತ್ತಾದ ಹಣವನ್ನು ಪಡೆಯುವುದು ಇವನ ಕಸಬು. ವಕೀಲನಿಗೆ ಜಗಳವಾದರೆ ಲಾಭ. ಇವನಿಗೆ ಜಗಳವಾಗದಿದ್ದರೆ ಲಾಭ. ‘ಕಕ್ಷಿಗಾರ’ನಲ್ಲದ ಗಿರಾಕಿಯು ನಮ್ಮ ನೆಲದಲ್ಲಿ ಹುಟ್ಟಿದ ಒಂದು ಬಗೆಯು ಇದೆಂದು ನನ್ನ ಅಭಿಪ್ರಾಯ. ಆ ೧೯೪೭ರ ಕಾಯಿದೆಯ ಸ್ಥಾನಕ್ಕೆ ೨೦೨೫ರ ನವೆಂಬರಿನಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆಯು ಬಂದಿದೆ.

ಇದೇ ಕಾರ್ಖಾನೆಗಳಿಗೆ ಬರಬೇಕಾದ ಬಾಕಿಯ ವಿಷಯವೂ ಕೋರ್ಟನ್ನು ಬಿಟ್ಟು ನಡೆಯಿತು. ದೊಡ್ಡ ಕಂಪೆನಿಯ ಮೇಲೆ ದಾವೆ ಹೂಡಿದ ಸಣ್ಣ ಒಡೆಯನು ಮುಂದಿನ ಆರ್ಡರಿನ ಆಸೆಯನ್ನು ಬಿಡಬೇಕಾಗುವುದು. ೨೦೦೬ರ ಸಣ್ಣ ಉದ್ಯಮಗಳ ಕಾಯಿದೆಯು ೪೫ ದಿನಗಳ ಗರಿಷ್ಠ ಗಡುವನ್ನೂ, ಅದು ಮೀರಿದರೆ ಬ್ಯಾಂಕು ದರದ ಮೂರರಷ್ಟು ಚಕ್ರಬಡ್ಡಿಯನ್ನೂ ವಿಧಿಸಿ, ವಿಚಾರಣೆಗೆ ಬೇರೊಂದು ಮಂಡಲಿಯನ್ನು ಏರ್ಪಡಿಸಿತು.

ಕಿಯೋನಿಕ್ಸ್ ಸಂಸ್ಥೆಯು ೧೯೭೮ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಬಳಿ ೩೩೨ ಎಕರೆಗಳಲ್ಲಿ ನಿರ್ಮಿಸಿದ ಎಲೆಕ್ಟ್ರಾನಿಕ್ ಸಿಟಿಯ ಸಂಗತಿ ಬೇರೆ. ಅಲ್ಲಿ ಹೊರಗುತ್ತಿಗೆಯ ಉದ್ಯಮವು ನೆಲೆಯೂರಿದ ಮೇಲೆ, ಕೆಲಸವು ಸಾಗರದಾಚೆಯಿಂದ ಬಂದಿತು. ಅಮೆರಿಕದ ಮೊಕದ್ದಮೆಗಳಲ್ಲಿ ಉಭಯ ಪಕ್ಷದವರೂ ತಮ್ಮ ಕಾಗದಪತ್ರಗಳನ್ನು ಪರಸ್ಪರ ಒಪ್ಪಿಸಬೇಕು. ೨೦೦೬ರಲ್ಲಿ ಅಲ್ಲಿಯ ನಿಯಮಗಳು ಗಣಕಯಂತ್ರದಲ್ಲಿರುವ ಬರಹವನ್ನೂ ಸ್ಪಷ್ಟವಾಗಿ ಇದಕ್ಕೆ ಸೇರಿಸಲಾಗಿ, ಓದಿ ವಿಂಗಡಿಸಬೇಕಾದ ಓಲೆಗಳು ಲಕ್ಷಗಟ್ಟಲೆಯಾದುವು. ಗಂಟೆಯ ಲೆಕ್ಕದಲ್ಲಿ ಫೀಜು ಪಡೆಯುವ ಅಲ್ಲಿಯ ವಕೀಲರಿಂದ ಇದನ್ನು ಓದಿಸುವುದು ಕಕ್ಷಿಗಾರರಿಗೆ ದುರ್ಭರವಾಯಿತು. ೨೦೦೮ರಲ್ಲಿ ಅಮೆರಿಕದ ವಕೀಲರ ಸಂಘವು, ಮೇಲ್ವಿಚಾರಣೆಯೂ ಗೋಪ್ಯದ ರಕ್ಷಣೆಯೂ ಇದ್ದರೆ ಕೆಲಸವನ್ನು ಹೊರಗೆ ಕಳುಹಿಸಬಹುದೆಂದು ಅಭಿಪ್ರಾಯವಿತ್ತಿತು. ಹೀಗೆ ನಮ್ಮ ಕಾನೂನು ಪದವೀಧರರು ಸಾಲುಮೇಜುಗಳ ಮುಂದೆ ಕುಳಿತು, ತಾವು ಎಂದೂ ಕಾಣದ ಕೋರ್ಟಿಗಾಗಿ ಓದತೊಡಗಿದರು. ಸಂಬಳವಿಲ್ಲದ ಕಿರಿಯನಿಗೆ ಹೋಲಿಸಿದರೆ ಅವರಿಗೆ ಮೊದಲ ತಿಂಗಳಿಂದಲೇ ಸಂಬಳವಿತ್ತು; ಮನೆಯಲ್ಲಿ ಆಸ್ತಿಯಿಲ್ಲದವರಿಗೆ ಇದು ಅಲ್ಪವಲ್ಲ. ಆದರೆ ಹಿರಿಯನ ಪಕ್ಕದಲ್ಲಿ ನಿಂತು ಕಲಿಯುವ ವಿದ್ಯೆಯು ಅಲ್ಲಿರಲಿಲ್ಲ. ೨೦೧೨ರಲ್ಲಿ ನ್ಯೂಯಾರ್ಕಿನ ನ್ಯಾಯಾಧಿಕಾರಿಯೊಬ್ಬರು ವಿಂಗಡಣೆಯನ್ನು ಯಂತ್ರವೇ ಮಾಡಬಹುದೆಂದು ಒಪ್ಪಲು, ಆ ಓದಿನ ಬೆಲೆಯೂ ಅಸ್ಥಿರವಾಯಿತು. ಇಂತಹ ಸಂಸ್ಥೆಗಳ ಕೆಲಸವು ‘ವಕೀಲಿ’ಯೆ ಎಂಬ ಪ್ರಶ್ನೆಗೆ, ಹೆಸರು ಮುಖ್ಯವಲ್ಲ, ಕೆಲಸದ ಸತ್ತ್ವವೇ ಪ್ರಮಾಣವೆಂದು ೨೦೧೮ರಲ್ಲಿ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು.

ವೈಟ್‌ಫೀಲ್ಡು ೧೮೮೨ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನರ ಬೇಸಾಯದ ನೆಲೆಗಾಗಿ ಭೂಮಿಯನ್ನಿತ್ತ ಊರು. ೧೯೯೦ರ ದಶಕದ ಟೆಕ್ ಪಾರ್ಕಿನ ತರುವಾಯ ಅಲ್ಲಿ ನೆಲೆಸಿದ ಕಂಪೆನಿಗಳು ವಕೀಲರನ್ನು ಅರಸಿ ಪೇಟೆಗೆ ಬರುವುದಕ್ಕೆ ಬದಲಾಗಿ ಕಾನೂನು ಬಲ್ಲವರನ್ನು ಸಂಬಳಕ್ಕೆ ಇಟ್ಟುಕೊಂಡುವು. ೧೯೮೮ರಲ್ಲಿ ಪಾಠ ಪ್ರಾರಂಭಿಸಿದ ರಾಷ್ಟ್ರೀಯ ಕಾನೂನು ಶಾಲೆಯಂತಹ ವಿದ್ಯಾಲಯಗಳಿಂದ ಹೊರಬಂದ ಅನೇಕರಿಗೆ ಕಂಪೆನಿಯೂ ದೊಡ್ಡ ಫರ್ಮುಗಳೂ ಕೋರ್ಟಿಗಿಂತ ಹತ್ತಿರವಾದುವು. ಪೂರ್ಣಕಾಲದ ಸಂಬಳಗಾರನು ಪರಿಷತ್ತಿನ ೪೯ನೆಯ ನಿಯಮದಂತೆ ವಕೀಲಿ ಮಾಡುವಂತಿಲ್ಲ. ಅಂತಹವನೊಡನೆ ಕಂಪೆನಿಯು ಆಡಿದ ಮಾತಿಗೆ ವಕೀಲನಿಗಿರುವ ಗೋಪ್ಯದ ಪೂರ್ಣರಕ್ಷೆಯಿಲ್ಲವೆಂದು ೨೦೨೫ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಫರ್ಮುಗಳಿಗೋ ೨೦೧೩ರ ಕಂಪೆನಿ ಕಾಯಿದೆಯು ಇಪ್ಪತ್ತರ ಮಿತಿಯನ್ನು ತೆಗೆಯಿತು. ೧೯೧೭ರ ಮುಂಬಯಿಯ ಅಮರಚಂದ್ ಫರ್ಮು ೨೦೧೫ರಲ್ಲಿ ಅಣ್ಣತಮ್ಮಂದಿರ ನಡುವೆ ಇಬ್ಭಾಗವಾದರೂ ಎರಡು ಪಾಲುಗಳೂ ಬೆಂಗಳೂರಿನಲ್ಲಿ ಕಚೇರಿಯನ್ನಿಟ್ಟಿವೆ.

ಇನ್ನು ಚರಿತ್ರಕಾರನಿಗೆ ನೇರವಾಗಿ ಸಂಬಂಧಿಸಿದ ಮಾತೊಂದಿದೆ. ಹಳೆಯ ಮೈಸೂರಿನ ಸಾಲ, ಗೇಣಿ, ಅವಿಭಕ್ತ ಕುಟುಂಬ ಇವುಗಳ ವಿಷಯದಲ್ಲಿ ನಮಗೆ ದೊರೆಯುವ ತಿಳಿವಳಿಕೆಯ ಬಹುಭಾಗವು ಚೀಫ್ ಕೋರ್ಟಿನ ವರದಿಗಳಿಂದ ಬಂದುದು. ಜಗಳವಾಡಿದವರು ತಿಳಿಯದೆಯೇ ನಮಗೆ ದಾಖಲೆಯನ್ನು ಬಿಟ್ಟುಹೋದರು. ಸಲಹೆಗಾರನ ಕಡತ, ಸಾಲುಮೇಜಿನ ವಿಂಗಡಣೆ, ಕಂಪೆನಿಯ ಒಳಗಣ ಟಿಪ್ಪಣಿ ಇವು ಯಾವುವೂ ಅಚ್ಚಾಗುವುದಿಲ್ಲ. ದೊಡ್ಡ ವ್ಯಾಪಾರದ ವ್ಯಾಜ್ಯಗಳು ಪಂಚಾಯಿತಿಗೆ ಹೋದರೆ, ೧೯೯೬ರ ಮಧ್ಯಸ್ಥಿಕೆ ಕಾಯಿದೆಗೆ ೨೦೧೯ರಲ್ಲಿ ಸೇರಿದ ೪೨-ಎ ಪ್ರಕರಣವು ಆ ನಡವಳಿಕೆಯನ್ನೇ ಗೋಪ್ಯವೆಂದು ವಿಧಿಸುವುದು. ಪೀಣ್ಯದ ಒಡೆಯನೊಬ್ಬನ ಬಾಕಿಯ ಕಥೆಯನ್ನು ಮುಂದೆ ಬರೆಯಹೊರಟವನು ಅಠಾರಾ ಕಚೇರಿಯ ಕಪಾಟಿಗಿಂತ ಅವನ ಮನೆಯ ಅಟ್ಟದ ಮೇಲಿನ ಬಿಲ್ಲುಪುಸ್ತಕಗಳನ್ನೇ ಹುಡುಕಬೇಕಾದೀತು.