ಟಿಕೆಟ್ ಕೊಡುವವರು ಯಾರು? ಅಮೆರಿಕದ ಪಕ್ಷಗಳ ಕಥೆ



ಚುನಾವಣೆ ಹತ್ತಿರ ಬಂತೆಂದರೆ ನಮ್ಮಲ್ಲಿ ಮೊದಲು ಕೇಳಿಬರುವ ಮಾತು, 'ಟಿಕೆಟ್ ಯಾರಿಗಂತೆ?' ನೀವು ಮುಂಬೈಯಲ್ಲಿರಿ, ಹೈದರಾಬಾದಿನಲ್ಲಿರಿ, ಎಲ್ಲರ ಕಣ್ಣು ಹೈಕಮಾಂಡ್ ಕಡೆಗೇ. ಅಮೆರಿಕದವರು ಇದೇ ಪ್ರಶ್ನೆಯ ಮೇಲೆ ಸುಮಾರು ಇನ್ನೂರು ವರ್ಷ ಜಗಳಾಡಿದ್ದಾರೆ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಅವರ ಸಂವಿಧಾನದಲ್ಲಿ ಪಕ್ಷಗಳ ಮಾತೇ ಇಲ್ಲ. (ನಮ್ಮ ಸಂವಿಧಾನದಲ್ಲೂ ರಾಜಕೀಯ ಪಕ್ಷಕ್ಕೆ ಜಾಗ ಸಿಕ್ಕಿದ್ದು 1985ರಲ್ಲಿ, ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿಯ ಜೊತೆಗೆ.) ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1796ರ ವಿದಾಯ ಸಂದೇಶದಲ್ಲಿ ಪಕ್ಷದ ಗುಂಪುಗಾರಿಕೆ ದೇಶಕ್ಕೆ ಕೇಡೆಂದು ಎಚ್ಚರಿಸಿದರು. ಅಷ್ಟರಲ್ಲಾಗಲೇ ಅವರ ಸಂಪುಟದಲ್ಲಿದ್ದ ಹ್ಯಾಮಿಲ್ಟನ್ ಮತ್ತು ಜೆಫರ್ಸನ್ ಸುತ್ತ ಎರಡು ಬಣಗಳು ಬೆಳೆದಿದ್ದವು!

ಆಗ ಅಧ್ಯಕ್ಷ ಅಭ್ಯರ್ಥಿಯನ್ನು ಪಕ್ಷದ ಸಂಸದರೇ ಸಭೆ ಸೇರಿ ಆರಿಸುತ್ತಿದ್ದರು. ವಿರೋಧಿಗಳು ಇದನ್ನು 'ದೊರೆ ಕಾಕಸ್' ಎಂದು ಗೇಲಿ ಮಾಡಿದರು. 1824ರಲ್ಲಿ ಈ ಪದ್ಧತಿ ಮುರಿದುಬಿತ್ತು. ಬಹುಪಾಲು ಸಂಸದರು ಸಭೆಗೆ ಬರಲೇ ಇಲ್ಲ. ಬಂದವರು ಆರಿಸಿದ ಕ್ರಾಫರ್ಡ್ ಸೋತರು. ಎಲ್ಲರಿಗಿಂತ ಹೆಚ್ಚು ಮತ ಪಡೆದ ಆಂಡ್ರೂ ಜಾಕ್ಸನ್‌ಗೆ ಬಹುಮತ ಸಿಗದೆ, ಪ್ರತಿನಿಧಿ ಸಭೆ ಜಾನ್ ಕ್ವಿನ್ಸಿ ಆಡಮ್ಸ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು.

ಸಿಟ್ಟಿಗೆದ್ದ ಜಾಕ್ಸನ್ ಬೆಂಬಲಿಗರಿಗೆ ನ್ಯೂಯಾರ್ಕಿನ ಮಾರ್ಟಿನ್ ವ್ಯಾನ್ ಬ್ಯೂರೆನ್ ಎಂಬ ಚಾಣಾಕ್ಷ ಸಂಘಟಕರು ಸಿಕ್ಕರು. ಊರೂರಿಗೆ ಸಮಿತಿ, ಪಕ್ಷದ ಪರ ಪತ್ರಿಕೆ, ಮೆರವಣಿಗೆ! 1828ರಲ್ಲಿ ಜಾಕ್ಸನ್ ಗೆದ್ದರು. ಇಂದಿನ ಡೆಮಾಕ್ರಟಿಕ್ ಪಕ್ಷದ ಬೇರು ಇದೇ. 1832ರಲ್ಲಿ ಅದು ಬಾಲ್ಟಿಮೋರ್‌ನಲ್ಲಿ ಮೊದಲ ರಾಷ್ಟ್ರೀಯ ಅಧಿವೇಶನ ನಡೆಸಿತು. ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹರಡಬಾರದೆಂದು 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷವೂ ಅದೇ ದಾರಿ ಹಿಡಿಯಿತು. 1860ರ ಷಿಕಾಗೋ ಅಧಿವೇಶನದಲ್ಲಿ ಲಿಂಕನ್ ಆಯ್ಕೆಯಾದದ್ದು ಮೂರನೇ ಸುತ್ತಿನ ಮತದಾನದಲ್ಲಿ.

ಸಂಸದರ ಕೈಯಿಂದ ತಪ್ಪಿದ ಅಧಿಕಾರ ಜನರಿಗೆ ಬಂತೇ? ಪೂರ್ತಿ ಬರಲಿಲ್ಲ. ನಡುವೆ ನಗರಗಳ ಧಣಿಗಳು ಕೂತರು. ನ್ಯೂಯಾರ್ಕಿನ ಟ್ಯಾಮನಿ ಹಾಲ್ ಸಂಘಟನೆ ವಲಸೆ ಬಂದ ಬಡವರಿಗೆ ಕೆಲಸ ಕೊಡಿಸುತ್ತಿತ್ತು, ಕಷ್ಟಕ್ಕಾಗುತ್ತಿತ್ತು, ಬದಲಿಗೆ ವೋಟು ಪಡೆಯುತ್ತಿತ್ತು. 1924ರಲ್ಲಿ ಡೆಮಾಕ್ರಟರಿಗೆ ಅಭ್ಯರ್ಥಿ ಸಿಗಬೇಕಾದರೆ 103 ಸುತ್ತು ಮತದಾನ ನಡೆಯಬೇಕಾಯಿತು!

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮತದಾರರೇ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆ ಕೆಲವು ರಾಜ್ಯಗಳಲ್ಲಿ ಬಂತು. ಆದರೂ 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದೆ ಡೆಮಾಕ್ರಟಿಕ್ ಟಿಕೆಟ್ ಪಡೆದರು. ಷಿಕಾಗೋದ ಬೀದಿಗಳಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಗಳಿಗೆ ಪೊಲೀಸರ ಲಾಠಿ ಬಿತ್ತು. ಆ ಕಹಿಯಿಂದಲೇ ನಿಯಮ ಬದಲಾಗಿ, 1972ರಿಂದ ಪ್ರೈಮರಿಗಳದೇ ಮೇಲುಗೈ. ಅಲ್ಲಿ ಪಕ್ಷಕ್ಕೆ ಸೇರಲು ಚಂದಾ ಕಟ್ಟಬೇಕಿಲ್ಲ. ಅನೇಕ ರಾಜ್ಯಗಳಲ್ಲಿ ಮತದಾರರ ನೋಂದಣಿ ವೇಳೆ ಪಕ್ಷದ ಹೆಸರು ಬರೆದರೆ ಸಾಕು.

ಇಷ್ಟಾದರೂ ಪ್ರಶ್ನೆ ಮುಗಿದಿಲ್ಲ. 2024ರಲ್ಲಿ ಪ್ರೈಮರಿಗಳನ್ನು ಗೆದ್ದಿದ್ದ ಜೋ ಬೈಡನ್ ಜುಲೈಯಲ್ಲಿ ಹಿಂದೆ ಸರಿದರು. ಆಗ ಪಕ್ಷದ ಪ್ರತಿನಿಧಿಗಳೇ ಕಮಲಾ ಹ್ಯಾರಿಸ್ ಅವರನ್ನು ಆರಿಸಿದರು. ಅವರ ತಾಯಿ ಶ್ಯಾಮಲಾ ಗೋಪಾಲನ್ ಮದರಾಸಿನಲ್ಲಿ ಹುಟ್ಟಿದವರೆಂದು ನಮ್ಮ ಚೆನ್ನೈ ಕೇಳುಗರಿಗೆ ಹೇಳಬೇಕಿಲ್ಲ. ಹ್ಯಾರಿಸ್ ನವೆಂಬರಿನಲ್ಲಿ ಡೊನಾಲ್ಡ್ ಟ್ರಂಪ್ ಎದುರು ಸೋತರು. ಜನ ಆರಿಸಬೇಕೇ, ಪಕ್ಷ ಆರಿಸಬೇಕೇ ಎಂಬ ಹಳೆಯ ಜಗಳ ಮತ್ತೆ ಶುರುವಾಯಿತು.

ನಿಮ್ಮ ಕ್ಷೇತ್ರದ ಅಭ್ಯರ್ಥಿಯನ್ನು ಆರಿಸುವ ಹಕ್ಕು ನಿಮಗೇ ಸಿಕ್ಕರೆ ಯಾರನ್ನು ನಿಲ್ಲಿಸುತ್ತೀರಿ? ಮನೆಯಲ್ಲಿ ಎಲ್ಲರೂ ಕೂತು ಒಮ್ಮೆ ಮಾತಾಡಿ ನೋಡಿ.