ಜುಬಿಲಿ ಗಾಯಕರು

ಕ್ರೌಂಚವಧೆಯನ್ನು ಕಂಡ ಆದಿಕವಿಯ ಶೋಕವೇ ಶ್ಲೋಕರೂಪವನ್ನು ತಾಳಿತೆಂದು ಹಿರಿಯರು ಹೇಳುವರು. ಆ ಶೋಕವು ಪರರ ದುಃಖವನ್ನು ಕಂಡು ಹುಟ್ಟಿದುದು. ತಾನೇ ಉಂಡ ದುಃಖವನ್ನು, ಅದರಲ್ಲಿಯೂ ಅವಮಾನದೊಡನೆ ಬೆರೆತ ದುಃಖವನ್ನು ಪರರ ಮುಂದೆ ಹಾಡುವುದು ಇನ್ನೂ ಕಠಿನವಾದ ಕಾರ್ಯ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕಪ್ಪು ಜನರಲ್ಲಿ ಈ ಕಾರ್ಯವನ್ನು ಕೈಕೊಂಡ ಕೆಲವು ತರುಣ ತರುಣಿಯರ ವೃತ್ತಾಂತವು ಮನನಯೋಗ್ಯವಾಗಿದೆ.

1865ರಲ್ಲಿ ಆ ದೇಶದ ಶಾಸನವು ಗುಲಾಮಗಿರಿಯನ್ನು ನಿಷೇಧಿಸಿತು. ಸುಮಾರು 40 ಲಕ್ಷ ಜನರು ಬಂಧಮುಕ್ತರಾದರು. ಕಾಲಿನ ಸಂಕೋಲೆ ಕಳಚಿತಾದರೂ ಮನಸ್ಸಿನ ಗಾಯವು ಮಾಯಲಿಲ್ಲ. ತಾಯಿಯಿಂದ ಮಗುವನ್ನು ಅಗಲಿಸಿ ಮಾರಿದ ನೆನಪು, ಅಕ್ಷರ ಕಲಿತರೆ ದಂಡನೆಯೆಂಬ ಭಯ, ಇವು ಶಾಸನಮಾತ್ರದಿಂದ ಅಳಿಯತಕ್ಕವಲ್ಲ. 1866ರಲ್ಲಿ ಟೆನೆಸ್ಸೀ ಪ್ರಾಂತ್ಯದ ನ್ಯಾಶ್‌ವಿಲ್ ಪಟ್ಟಣದಲ್ಲಿ, ಯುದ್ಧಕಾಲದ ಸೈನಿಕ ಆಸ್ಪತ್ರೆಯ ಹಳೆಯ ಕಟ್ಟಡಗಳಲ್ಲಿ, ಇಂಥವರ ವಿದ್ಯಾಭ್ಯಾಸಕ್ಕಾಗಿ ಫಿಸ್ಕ್ ವಿದ್ಯಾಶಾಲೆಯು ಆರಂಭವಾಯಿತು. ಗುಲಾಮರನ್ನು ಕೂಡಿಹಾಕುತ್ತಿದ್ದ ಸ್ಥಳದಲ್ಲಿ ದೊರೆತ ತುಕ್ಕುಹಿಡಿದ ಕೈಕೋಳಗಳನ್ನು ಹಳೆಯ ಕಬ್ಬಿಣದ ಬೆಲೆಗೆ ಮಾರಿ, ಆ ಹಣದಿಂದ ಅಕ್ಷರಾಭ್ಯಾಸದ ಪುಸ್ತಕಗಳನ್ನು ಕೊಂಡರೆಂದು ಆ ಶಾಲೆಯ ಚರಿತ್ರೆಯಲ್ಲಿ ಹೇಳಿದೆ.

ಐದು ವರ್ಷಗಳಲ್ಲಿ ಶಾಲೆಯು ಸಾಲದಲ್ಲಿ ಮುಳುಗಿತು. ಕೋಶಾಧಿಕಾರಿಯೂ ಸಂಗೀತದ ಉಪಾಧ್ಯಾಯರೂ ಆಗಿದ್ದ ಜಾರ್ಜ್ ವೈಟರು 1871ನೆಯ ಅಕ್ಟೋಬರ್ 6ರಂದು ಒಂಬತ್ತು ಮಂದಿ ಗಾಯಕರೊಡನೆ ಧನಾರ್ಜನೆಗಾಗಿ ಹೊರಟರು. ಇವರಲ್ಲಿ ಹೆಚ್ಚಿನವರು ಹಿಂದೆ ಗುಲಾಮರಾಗಿದ್ದವರು. ಪಿಯಾನೋ ನುಡಿಸುತ್ತಿದ್ದ ಎಲ್ಲಾ ಶೆಪರ್ಡ್ ಎಂಬಾಕೆಯನ್ನು ತಂದೆಯು ಹಣ ತೆತ್ತು ಬಿಡಿಸಿದ್ದನು. ತಾಯಿಯನ್ನು ಆಕೆಯು ಪುನಃ ಕಂಡುದು ಯುದ್ಧವು ಮುಗಿದ ಮೇಲೆಯೇ.

ಗುಲಾಮಗಿರಿಯ ಕಾಲದ ಭಕ್ತಿಗೀತೆಗಳನ್ನು ಸಭೆಯಲ್ಲಿ ಹಾಡಲು ಈ ತರುಣರು ಮೊದಲು ಒಪ್ಪಲಿಲ್ಲ. ಆ ಗೀತೆಗಳು ಕಳೆದುಹೋದ ಕತ್ತಲೆಯ ಕುರುಹುಗಳು, ತಂದೆತಾಯಿಗಳಿಗೆ ಪವಿತ್ರವಾದವು. ಮೇಲಾಗಿ, ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಹಾಸ್ಯಮಾಡುವ ಆಟಗಳು ಆಗ ಜನಪ್ರಿಯವಾಗಿದ್ದುವು. ಆದುದರಿಂದ ಅವರು ಬಿಳಿಯರ ಮೆಚ್ಚಿನ ಗೀತೆಗಳನ್ನೇ ಹಾಡಿದರು, ಫಲವು ಅಲ್ಪವಾಯಿತು. ನವೆಂಬರಿನಲ್ಲಿ ಓಬರ್ಲಿನ್ ಎಂಬಲ್ಲಿ ಸೇರಿದ್ದ ಪಾದ್ರಿಗಳ ಸಭೆಯಲ್ಲಿ ತಮ್ಮ ಪೂರ್ವಿಕರ ಹಾಡನ್ನು ಮೆಲ್ಲನೆ ಎತ್ತಿದಾಗ ಸಭೆಯು ಸ್ತಬ್ಧವಾಯಿತು. ಐವತ್ತನೆಯ ವರ್ಷದಲ್ಲಿ ದಾಸರಿಗೆ ಬಿಡುಗಡೆಯನ್ನು ವಿಧಿಸುವ ಬೈಬಲಿನ ವಚನವನ್ನು ನೆನೆದು ವೈಟರು ಮೇಳಕ್ಕೆ ‘ಜುಬಿಲಿ ಗಾಯಕರು’ ಎಂದು ಹೆಸರಿಟ್ಟರು.

1873ರಲ್ಲಿ ಅವರು ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಹಾಡಿನ ಹಣದಿಂದ ಕಟ್ಟಿದ ಜುಬಿಲಿ ಭವನವು 1876ರಲ್ಲಿ ಪೂರ್ಣವಾಗಿ ಇಂದಿಗೂ ನಿಂತಿದೆ. ಆದರೆ ಕರತಾಡನ ಮಾಡಿದ ಊರುಗಳಲ್ಲಿಯೇ ವಸತಿಗೃಹಗಳು ಅವರಿಗೆ ಬಾಗಿಲು ಮುಚ್ಚುತ್ತಿದ್ದುವು. ಎಡೆಬಿಡದ ಸಂಚಾರದಿಂದ ಹಲವರ ಆರೋಗ್ಯವೂ ಕೆಟ್ಟಿತು. ಮೆಚ್ಚುಗೆಯಿಂದ ನ್ಯಾಯವು ದೊರೆಯಲಿಲ್ಲ. ದೊರೆತುದು ಒಂದೇ: ಲಜ್ಜೆಯೆನಿಸಿದ್ದ ಸ್ವತ್ತು ಗೌರವದ ಸ್ವತ್ತಾಯಿತು.

ಈ ಹಾಡುಗಳ ಮಾರ್ಗವು ಭರತಖಂಡವನ್ನೂ ಮುಟ್ಟಿತು. ಹಳೆಯ ಮೇಳದ ಫ್ರೆಡರಿಕ್ ಲೌಡಿನರು 1884ರಿಂದ 1890ರ ವರೆಗೆ ನಡೆಸಿದ ಲೋಕಸಂಚಾರದಲ್ಲಿ ಇಲ್ಲಿಗೂ ಬಂದಿದ್ದರು. 1936ರಲ್ಲಿ ಹೊವರ್ಡ್ ಥರ್ಮನ್ ಮತ್ತು ಸೂ ಬೇಲಿ ಥರ್ಮನ್ ದಂಪತಿಗಳು ಬಾರ್ಡೋಲಿಯಲ್ಲಿ ಗಾಂಧೀಜಿಯವರನ್ನು ಕಂಡಾಗ, ಅವರ ಕೋರಿಕೆಯಂತೆ ಇಂಥ ಗೀತೆಗಳನ್ನು ಹಾಡಲಾಯಿತು. ಅಹಿಂಸೆಯ ಶುದ್ಧಸಂದೇಶವು ಕಪ್ಪು ಜನರ ಮೂಲಕವೇ ಲೋಕಕ್ಕೆ ತಲುಪಬಹುದೆಂದು ಗಾಂಧೀಜಿಯವರು ಆಗ ನುಡಿದರು.

ಆ ನುಡಿಯು ನ್ಯಾಶ್‌ವಿಲ್ಲಿನಲ್ಲಿಯೇ ಫಲಿಸಿತು. ನಾಗಪುರದಲ್ಲಿ ಮೂರು ವರ್ಷವಿದ್ದು ಸತ್ಯಾಗ್ರಹವನ್ನು ಅಭ್ಯಸಿಸಿದ ಜೇಮ್ಸ್ ಲಾಸನ್ ಎಂಬ ಕಪ್ಪು ಪಾದ್ರಿಯು ಆ ಪಟ್ಟಣದ ವಿದ್ಯಾರ್ಥಿಗಳಿಗೆ ಅದನ್ನು ಬೋಧಿಸಿದನು. 1960ರಲ್ಲಿ ಫಿಸ್ಕ್ ಮೊದಲಾದ ಶಾಲೆಗಳ ವಿದ್ಯಾರ್ಥಿಗಳು, ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಉಪಾಹಾರದ ಕಟ್ಟೆಗಳಲ್ಲಿ ಕುಳಿತು, ಪೆಟ್ಟು ತಿಂದು, ಹಾಡುತ್ತ ಸೆರೆಮನೆಯನ್ನು ಸೇರಿದರು. ಆ ಮೇ ತಿಂಗಳಲ್ಲಿ ಆರು ಅಂಗಡಿಗಳ ಕಟ್ಟೆಗಳು ಎಲ್ಲರಿಗೂ ತೆರೆದುವು. ಒಂಬತ್ತು ಮಂದಿ ತರುಣರು ಪೂರ್ವಿಕರ ಹಾಡನ್ನು ಲಜ್ಜೆಯಿಂದ ಅಡಗಿಸಿಯೇ ಇಟ್ಟಿದ್ದರೆ, ಸೆರೆಮನೆಯಲ್ಲಿ ಈ ಮಕ್ಕಳು ಏನನ್ನು ಹಾಡುತ್ತಿದ್ದರೆಂಬುದನ್ನು ವಾಚಕರೇ ಆಲೋಚಿಸಲಿ.